ದೂರದಲ್ಲಿದ್ದು ದುಡಿಯುವುದು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ರಾಜ್ಯೋತ್ಸವದ ವೇದಿಕೆಯಿಂದ ನಾಡು ನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ಸಂಘದವರು ನನಗೆ ಒಪ್ಪಿಸಿರುವುದು ಕೇವಲ ಲೌಕಿಕವಾದ ಒಂದು ವಿಷಯ. ಕಚೇರಿಗೆ ಹೋಗದೆ, ದೂರದಲ್ಲಿದ್ದುಕೊಂಡೇ ಕೆಲಸ ಮಾಡುವ ಪದ್ಧತಿಯನ್ನು ಕಂಪನಿಗಳೂ, ಅವುಗಳಲ್ಲಿ ತಂಡಗಳನ್ನು ನಡೆಸುವ ಮುಖಂಡರೂ ಹೇಗೆ ಸಫಲಗೊಳಿಸಬಹುದು ಎಂಬುದೇ ಆ ವಿಷಯ.

ಇದು ನಮ್ಮ ಸಭೆಗೆ ಹೊರಗಿನ ಮಾತೇನೂ ಅಲ್ಲ. ನಾವು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು, ಅಥವಾ ಬಂದವರ ಮಕ್ಕಳು. ಕೆಲಸ ಇದ್ದ ಕಡೆಗೆ ಮನುಷ್ಯ ಹೋಗಬೇಕು ಎಂಬುದು ನಮ್ಮ ತಂದೆ ತಾತಂದಿರ ಕಾಲದ ನಿಯಮ. ಆ ನಿಯಮವಿಲ್ಲದಿದ್ದರೆ ಈ ಊರಿನಲ್ಲಿ ಈ ಸಂಘವೇ ಇರುತ್ತಿರಲಿಲ್ಲ. ಮನುಷ್ಯ ಇದ್ದ ಕಡೆಗೆ ಕೆಲಸವೇ ಬರಬಹುದು ಎಂದಾದರೆ ನಮ್ಮ ಮನೆಗಳ ಅನೇಕ ಲೆಕ್ಕಾಚಾರಗಳು ಬದಲಾಗುತ್ತವೆ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇಬ್ಬರೇ ಇರುವ ವೃದ್ಧ ತಂದೆತಾಯಿಗಳ ಬಳಿ ಮಗನೋ ಮಗಳೋ ವರ್ಷದಲ್ಲಿ ಕೆಲವು ತಿಂಗಳಾದರೂ ಇರುವುದು ಸಾಧ್ಯವೇ? ಹೆರಿಗೆಯಾದ ಮಗಳು ಕೆಲಸ ಬಿಡದೆ ಮಗುವನ್ನು ಬೆಳೆಸುವುದು ಸಾಧ್ಯವೇ? ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು? ಸರ್ಕಾರವಲ್ಲ, ಜ್ಯೋತಿಷಿಯಲ್ಲ; ಹತ್ತು ಹನ್ನೆರಡು ಜನರ ತಂಡವನ್ನು ನಡೆಸುವ ಒಬ್ಬ ಮುಖಂಡ. ಅಂಥ ಮುಖಂಡರು ಈ ಸಭೆಯಲ್ಲಿ ಕೆಲವರಾದರೂ ಕುಳಿತಿದ್ದಾರೆ. ನನ್ನ ಮಾತು ಮುಖ್ಯವಾಗಿ ಅವರಿಗೆ.

ದೂರದಿಂದ ಕೆಲಸ ಮಾಡಿಸುವುದು ಈಚಿನ ಸಂಗತಿಯೆಂದು ಅನೇಕರು ಭಾವಿಸಿದ್ದಾರೆ. ಹಾಗಿಲ್ಲ. ೧೬೭೦ರಲ್ಲಿ ಸನದು ಪಡೆದ ಹಡ್ಸನ್ ಬೇ ಕಂಪನಿಯ ಯಜಮಾನರು ಲಂಡನ್ನಿನಲ್ಲಿದ್ದರು. ಅವರ ಕೋಠಿಗಳು ಕೆನಡಾದ ಹಿಮದ ನಡುವೆ ಇದ್ದವು. ಹಡಗು ಹೋಗಿ ಬರುತ್ತಿದ್ದುದು ವರ್ಷಕ್ಕೆ ಒಮ್ಮೆ. ಕೋಠಿಯ ಅಧಿಕಾರಿ ದಿನಚರಿಯನ್ನು ಬರೆದಿಟ್ಟು ಆ ಹಡಗಿನಲ್ಲಿ ಕಳುಹಿಸಬೇಕಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಮದರಾಸು, ಮುಂಬಯಿ, ಕಲಕತ್ತೆಗಳಿಗೆ ಬರೆದ ಕಾಗದಗಳು ಆಫ್ರಿಕವನ್ನು ಬಳಸಿಕೊಂಡು ಬರಲು ಸುಮಾರು ಆರು ತಿಂಗಳು ಹಿಡಿಯುತ್ತಿತ್ತು. ಅವರು ಕಾಗದದ ಒಂದೊಂದು ಪ್ಯಾರಾಕ್ಕೂ ಸಂಖ್ಯೆ ಹಾಕುತ್ತಿದ್ದರು. ಇಲ್ಲಿಯವರು ಆಯಾ ಸಂಖ್ಯೆಯನ್ನು ಹೇಳಿ ಉತ್ತರ ಬರೆಯುತ್ತಿದ್ದರು. ಮುಂಬಯಿಗೆ ಸಮುದ್ರದೊಳಗಿನ ತಂತಿ ಬಂದದ್ದು ೧೮೭೦ರಲ್ಲಿ. ಅದಕ್ಕೆ ಹಿಂದಿನ ವ್ಯಾಪಾರ, ರಾಜ್ಯಭಾರವೂ ಕೂಡ, ಬಹುಮಟ್ಟಿಗೆ ಕಾಗದದ ಮೇಲೆಯೇ ನಡೆಯಿತು.

ನಮ್ಮಲ್ಲಿಯೂ ಇದಕ್ಕೆ ದೃಷ್ಟಾಂತವಿದೆ. ೧೬೭೨ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಸೀಮೆಯಲ್ಲಿ ಅಂಚೆಯ ವ್ಯವಸ್ಥೆಯನ್ನು ಸ್ಥಾಪಿಸಿದರು. ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಗುವವರೆಗೆ ಅದು ನಡೆದುಬಂದಿತು. ರಾಜಧಾನಿಯಲ್ಲಿ ಕುಳಿತವರು ದೂರದ ಸೀಮೆಯ ಆಡಳಿತವನ್ನು ನಡೆಸಬೇಕಾದರೆ ಮೊದಲು ಬೇಕಾದದ್ದು ಸುದ್ದಿ ತಪ್ಪದೆ ಬಂದು ಹೋಗುವ ದಾರಿ ಎಂಬುದನ್ನು ಆ ದೊರೆ ಅರಿತಿದ್ದರು.

ಈ ಹಳೆಯ ಕತೆಯಿಂದ ಎರಡು ಪಾಠ ದೊರೆಯುತ್ತವೆ. ಕಣ್ಣಿಗೆ ಕಾಣದವರಿಂದ ಕೆಲಸ ಮಾಡಿಸಲು ಬರವಣಿಗೆಯ ಶಿಸ್ತು ಬೇಕು ಎಂಬುದು ಒಂದು. ಹೊಣೆಯನ್ನು ಒಪ್ಪಿಸಿದ ಮೇಲೆ ಲೆಕ್ಕವನ್ನೂ ಕೇಳಬೇಕು ಎಂಬುದು ಇನ್ನೊಂದು. ಲೆಕ್ಕ ಕೇಳುವವರು ಆರು ತಿಂಗಳ ಹಾದಿಯ ಆಚೆ ಇದ್ದು, ಸ್ವಂತ ವ್ಯಾಪಾರಕ್ಕೂ ಬಿಡುಗಡೆಯಿದ್ದರೆ ನೌಕರರು ಏನೆಲ್ಲ ಮಾಡಬಲ್ಲರು ಎಂಬುದನ್ನು ಹದಿನೆಂಟನೆಯ ಶತಮಾನದ ಬಂಗಾಳದ ಇತಿಹಾಸ ಸಾರುತ್ತದೆ.

ಈ ಕಾಲದ ಪದ್ಧತಿಗೆ ಹೆಸರಿಟ್ಟವರು ಅಮೆರಿಕದ ಜಾಕ್ ನಿಲ್ಸ್ ಎಂಬ ವಿದ್ವಾಂಸರು. ಅವರು ೧೯೭೩ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿದ್ದರು. ಒಂದು ವಿಮಾ ಕಂಪನಿಯ ನೌಕರರನ್ನು ದೊಡ್ಡ ಕಚೇರಿಗೆ ಕರೆಯಿಸದೆ, ಅವರವರ ಮನೆಗೆ ಸಮೀಪದ ಕಿರುಕಚೇರಿಗಳಲ್ಲಿ ಕೂರಿಸಿ, ಕೆಲಸವನ್ನು ದೂರವಾಣಿಯ ತಂತಿಯ ಮೂಲಕ ಕಳುಹಿಸಿ ನೋಡಿದರು. ಇದನ್ನು ಅವರು 'ಟೆಲಿಕಮ್ಯೂಟಿಂಗ್' ಎಂದು ಕರೆದರು. ಕೆಲಸಗಾರನು ಪ್ರಯಾಣ ಮಾಡುವ ಬದಲು ಕೆಲಸವೇ ಪ್ರಯಾಣ ಮಾಡಲಿ ಎಂಬುದು ಅವರ ಅಭಿಪ್ರಾಯ. ಆಮೇಲೆ ನಲವತ್ತು ಚಿಲ್ಲರೆ ವರ್ಷ ಅದು ಕೆಲವರ ಅನುಕೂಲವಾಗಿಯೇ ಉಳಿಯಿತು. ೨೦೨೦ನೆಯ ಮಾರ್ಚ್ ೨೪ರ ರಾತ್ರಿ ನಮ್ಮ ದೇಶದಲ್ಲಿ ಲಾಕ್‌ಡೌನ್ ಘೋಷಿತವಾದಾಗ ಅದು ಲಕ್ಷಾಂತರ ಜನರಿಗೆ ಒಂದೇ ದಿನದಲ್ಲಿ ಅನಿವಾರ್ಯವಾಯಿತು. ಅದೇ ವರ್ಷ ನವೆಂಬರ್ ೫ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್ ಮೊದಲಾದ ಉದ್ಯಮಗಳ ನಿಬಂಧನೆಗಳನ್ನು ಸಡಿಲಿಸಿ, ಮನೆಯಿಂದ ಕೆಲಸ ಮಾಡಿಸುವುದಕ್ಕಿದ್ದ ಅಡಚಣೆಗಳನ್ನು ಬಹುಮಟ್ಟಿಗೆ ತೆಗೆಯಿತು.

ರೋಗ ಇಳಿದ ಮೇಲೆ ವಾದ ಏರಿತು. ೨೦೨೫ರ ಹೊತ್ತಿಗೆ ತನ್ನ ನೌಕರರಲ್ಲಿ ಕಾಲುಭಾಗದವರು ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು ೨೦೨೦ರಲ್ಲಿ ಹೇಳಿದ್ದ ಟಿ.ಸಿ.ಎಸ್. ಕಂಪನಿಯೇ ೨೦೨೩ರಲ್ಲಿ ವಾರಕ್ಕೆ ಐದು ದಿನ ಕಚೇರಿಗೆ ಬರುವಂತೆ ನೌಕರರನ್ನು ಕರೆಯಿತು. ಒಂದು ಪಕ್ಷದವರು ಮನೆಯ ಕೆಲಸವೆಂದರೆ ಮೈಗಳ್ಳತನ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಕಚೇರಿಯೆಂದರೆ ಸೆರೆಮನೆ ಎನ್ನುತ್ತಾರೆ. ದೂರದ ಬೆಟ್ಟ ಇಬ್ಬರಿಗೂ ನುಣ್ಣಗೆ ಕಾಣುತ್ತಿದೆ. ಹತ್ತಿರ ಹೋಗಿ ನೋಡಿದವರು ಏನು ಕಂಡರು ಎಂಬುದನ್ನು ಈಗ ನೋಡೋಣ.

ಮೊದಲನೆಯ ಪರೀಕ್ಷೆ ನಡೆದದ್ದು ಚೀಣಾ ದೇಶದ ಶಾಂಘೈ ನಗರದಲ್ಲಿ, ೨೦೧೦-೧೧ರಲ್ಲಿ. ಪ್ರವಾಸದ ಟಿಕೆಟುಗಳನ್ನು ಮಾರುವ ಸಿಟ್ರಿಪ್ ಎಂಬ ಕಂಪನಿಯ ಕಾಲ್ ಸೆಂಟರಿನಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿಕೊಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು ಇದನ್ನು ನಡೆಸಿದರು. ಮನೆಯಿಂದ ಕೆಲಸ ಮಾಡಲು ತಾವಾಗಿ ಮುಂದೆ ಬಂದವರಲ್ಲಿ ೨೪೯ ಜನ ಅರ್ಹರಾದರು. ಹುಟ್ಟಿದ ತಾರೀಕು ಸಮಸಂಖ್ಯೆಯಾಗಿದ್ದವರನ್ನು ವಾರಕ್ಕೆ ನಾಲ್ಕು ದಿನ ಮನೆಯಿಂದಲೂ, ಉಳಿದವರನ್ನು ಕಚೇರಿಯಿಂದಲೂ ಒಂಬತ್ತು ತಿಂಗಳು ಕೆಲಸ ಮಾಡಿಸಿದರು. ಮನೆಯಲ್ಲಿದ್ದವರ ಕೆಲಸ ನೂರಕ್ಕೆ ೧೩ರಷ್ಟು ಹೆಚ್ಚಿತು. ಅದರಲ್ಲಿ ಹೆಚ್ಚಿನ ಭಾಗ ವಿರಾಮ ಮತ್ತು ರಜೆಗಳು ಕಡಮೆಯಾದುದರಿಂದ ಬಂದದ್ದು. ಉಳಿದದ್ದು ಗದ್ದಲವಿಲ್ಲದ ಕಡೆ ಕೆಲಸ ಚುರುಕಾದುದರಿಂದ. ಕೆಲಸ ಬಿಟ್ಟುಹೋಗುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ಕೆಲಸ ಹೆಚ್ಚಿದ ಪ್ರಮಾಣಕ್ಕೆ ತಕ್ಕಂತೆ ಬಡ್ತಿ ಸಿಕ್ಕಲಿಲ್ಲ. ಅನೇಕರು ಒಂಟಿತನದ ದೂರು ಹೇಳಿದರು. ಪರೀಕ್ಷೆ ಮುಗಿದ ಮೇಲೆ ಮನೆಯೋ ಕಚೇರಿಯೋ ನೀವೇ ಆರಿಸಿಕೊಳ್ಳಿ ಎಂದಾಗ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಜಾಗವನ್ನು ಬದಲಿಸಿದರು. ಹಾಗೆ ಬದಲಿಸಿದ ಮೇಲೆ ಲಾಭ ನೂರಕ್ಕೆ ೨೨ಕ್ಕೆ ಏರಿತು.

ಎರಡನೆಯ ಪರೀಕ್ಷೆ ನಮ್ಮ ನೆರೆಯ ಚೆನ್ನೈನದು. ಡೇವಿಡ್ ಅಟ್ಕಿನ್, ಆಂಟ್ವನೆಟ್ ಶೋರ್, ಸುಮಿತ್ ಶಿಂಧೆ ಎಂಬ ಮೂವರು ವಿದ್ವಾಂಸರು ಇದನ್ನು ೨೦೨೩ರಲ್ಲಿ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಅಂಕಿ ಅಂಶಗಳನ್ನು ತುಂಬುವ ಕೆಲಸಕ್ಕೆ ಹೊಸದಾಗಿ ಜನರನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಕೆಲವರನ್ನು ಮನೆಗೂ ಕೆಲವರನ್ನು ಕಚೇರಿಗೂ ಹಾಕಿದರು. ಇಲ್ಲಿ ಫಲ ತಿರುಗುಮುರುಗಾಯಿತು. ಮನೆಯಲ್ಲಿದ್ದವರ ಕೆಲಸ ನೂರಕ್ಕೆ ೧೮ರಷ್ಟು ಕಡಮೆ. ಈ ವ್ಯತ್ಯಾಸದ ಮೂರರಲ್ಲಿ ಎರಡು ಪಾಲು ಮೊದಲ ದಿನವೇ ಕಾಣಿಸಿತು. ಉಳಿದ ಪಾಲು ಕಚೇರಿಯವರು ಬೇಗ ಬೇಗ ಕಲಿತುಕೊಂಡದ್ದರಿಂದ ಬಂತು. ಇದಕ್ಕಿಂತ ಮನಮುಟ್ಟುವ ಸಂಗತಿ ಇನ್ನೊಂದಿದೆ. ನಮಗೆ ಮನೆಯೇ ಬೇಕು ಎಂದು ಬಯಸಿದವರು ಮೂಲತಃ ಹೆಚ್ಚು ಚುರುಕಾದ, ತಪ್ಪು ಕಡಮೆ ಮಾಡುವ ಕೆಲಸಗಾರರು. ಆದರೆ ಮನೆಯಲ್ಲಿ ಕೂತಾಗ ಅತಿ ಹೆಚ್ಚು ಹಿಂದೆ ಬಿದ್ದವರೂ ಅವರೇ: ಕಚೇರಿಯನ್ನು ಬಯಸಿದವರು ಮನೆಯಲ್ಲಿ ೧೩ರಷ್ಟು ಹಿಂದೆ ಬಿದ್ದರೆ ಇವರು ೨೭ರಷ್ಟು. ಕಾರಣವೇನು? ಅವರಲ್ಲಿ ಮಕ್ಕಳ ಮತ್ತು ಮನೆಯವರ ಆರೈಕೆಯ ಭಾರ ಹೊತ್ತವರು, ಬಡ ಕುಟುಂಬದವರು ಇದ್ದರು. ಅಂದರೆ, ಮನೆಯ ಕೆಲಸ ಯಾರಿಗೆ ಅತ್ಯಂತ ಅಗತ್ಯವೋ ಅವರ ಮನೆಯೇ ಕೆಲಸಕ್ಕೆ ಅತ್ಯಂತ ಕಷ್ಟದ ಸ್ಥಳ. ಈ ಮಾತನ್ನು ಈ ಸಭೆಯಲ್ಲಿರುವ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಅಡುಗೆಮನೆಯ ಕುಕ್ಕರು ಒಂದು ಕಡೆ ಕೂಗುತ್ತಿರುತ್ತದೆ, ಕಂಪನಿಯ ಮೀಟಿಂಗು ಇನ್ನೊಂದು ಕಡೆ ಕೂಗುತ್ತಿರುತ್ತದೆ.

ಮೂರನೆಯದು ಮತ್ತೆ ಅದೇ ಚೀಣಾ ಕಂಪನಿಯದು. ಈಗ ಅದರ ಹೆಸರು ಟ್ರಿಪ್ ಡಾಟ್ ಕಾಮ್. ಅಲ್ಲಿ ೨೦೨೧-೨೨ರಲ್ಲಿ ೧೬೧೨ ಜನ ಪದವೀಧರ ನೌಕರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಲು ಅನುಮತಿ ಕೊಟ್ಟರು. ಇದರ ಫಲಿತಾಂಶ ೨೦೨೪ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲಸದ ಗುಣದಲ್ಲಾಗಲಿ ಬಡ್ತಿಯಲ್ಲಾಗಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕೆಲಸ ಬಿಡುವವರು ಮಾತ್ರ ಮೂರರಲ್ಲಿ ಒಂದು ಪಾಲು ಕಡಮೆಯಾದರು. ಪರೀಕ್ಷೆಗೆ ಮೊದಲು ಇದರಿಂದ ನಷ್ಟವೆಂದು ಊಹಿಸಿದ್ದ ಮುಖಂಡರು ಪರೀಕ್ಷೆಯ ಕೊನೆಗೆ ಸ್ವಲ್ಪ ಲಾಭವೇ ಇದೆಯೆಂದು ಅಭಿಪ್ರಾಯ ಬದಲಿಸಿದರು.

ಈ ಮೂರೂ ಒಂದಕ್ಕೊಂದು ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ವಿಚಾರಿಸಿ ನೋಡಿದರೆ ವಿರೋಧವಿಲ್ಲ. ಶಾಂಘೈನಲ್ಲಿ ಆರಿಸಿದವರು ಕಂಪನಿಯಲ್ಲಿ ಕನಿಷ್ಠ ಆರು ತಿಂಗಳು ಪಳಗಿದವರು. ಕೆಲಸಕ್ಕೆ ಪ್ರತ್ಯೇಕ ಕೋಣೆಯೂ ಒಳ್ಳೆಯ ಇಂಟರ್ನೆಟ್ಟೂ ಇರಲೇಬೇಕೆಂಬ ಷರತ್ತು ಅಲ್ಲಿತ್ತು. ಅವರ ಒಂದೊಂದು ಕರೆಯೂ ಲೆಕ್ಕಕ್ಕೆ ಸಿಕ್ಕುವಂಥದು. ಚೆನ್ನೈಯವರು ಹೊಸಬರು, ಮನೆಯ ಸ್ಥಿತಿ ಒಬ್ಬೊಬ್ಬರದು ಒಂದೊಂದು ಬಗೆ. ಮೂರನೆಯ ಪರೀಕ್ಷೆಯಲ್ಲಿ ಮೂರು ದಿನ ಎಲ್ಲರೂ ಕೂಡಿಯೇ ಇರುತ್ತಿದ್ದರು. ಆದುದರಿಂದ "ಮನೆ ಒಳ್ಳೆಯದೋ ಕಚೇರಿ ಒಳ್ಳೆಯದೋ" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಯಾವ ಕೆಲಸ, ಎಷ್ಟು ಪಳಗಿದ ಮನುಷ್ಯ, ಎಂಥ ಮನೆ, ಎಂಥ ಮುಖಂಡ ಎಂದು ಕೇಳಬೇಕು. ಮೊದಲ ಮೂರನ್ನು ಬದಲಿಸುವುದು ನಮ್ಮ ಕೈಯಲ್ಲಿ ಹೆಚ್ಚಾಗಿ ಇಲ್ಲ. ನಾಲ್ಕನೆಯದು ಇದೆ. ಆದಕಾರಣ ಆ ಮುಖಂಡನ ಕರ್ತವ್ಯವನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇನೆ.

ಮೊದಲನೆಯದು ನಂಬಿಕೆಯ ಮಾತು. "ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬುದು ನಮ್ಮ ಹಿರಿಯರ ಗಾದೆ. ಹೊಲದ ಬದುವಿನ ಮೇಲೆ ಯಜಮಾನ ನಿಂತರೆ ಬೆಳೆ ಬಂದೀತು ಎಂಬ ಭಾವನೆ ಇನ್ನೂ ನಮ್ಮ ರಕ್ತದಲ್ಲಿದೆ. ಮೈಕ್ರೋಸಾಫ್ಟ್ ಕಂಪನಿ ೨೦೨೨ರಲ್ಲಿ ಹಲವು ದೇಶಗಳಲ್ಲಿ ವಿಚಾರಿಸಿದಾಗ, ನೌಕರರಲ್ಲಿ ನೂರಕ್ಕೆ ೮೭ ಜನ ತಾವು ಚೆನ್ನಾಗಿ ದುಡಿಯುತ್ತಿದ್ದೇವೆ ಎಂದರು; ಮುಖಂಡರಲ್ಲಿ ನೂರಕ್ಕೆ ೮೫ ಜನ ಈ ಹೊಸ ಪದ್ಧತಿಯಲ್ಲಿ ನೌಕರರು ದುಡಿಯುತ್ತಿದ್ದಾರೆಂದು ನಂಬುವುದೇ ಕಷ್ಟವಾಗಿದೆ ಎಂದರು. ಈ ಸಂಶಯಕ್ಕೆ ಕೆಲವರು ಹುಡುಕಿದ ಮದ್ದು ಕಣ್ಗಾವಲು. ಮೌಸ್ ಎಷ್ಟು ಸಲ ಅಲುಗಿತು, ಹೆಸರಿನ ಪಕ್ಕದ ಹಸಿರು ದೀಪ ಎಷ್ಟು ಹೊತ್ತು ಉರಿಯಿತು ಎಂದು ಲೆಕ್ಕವಿಡುವ ಯಂತ್ರಗಳು ಬಂದವು. ಕೂಡಲೆ ಮೌಸನ್ನು ತಾನಾಗಿ ಅಲುಗಿಸುವ ಯಂತ್ರಗಳೂ ಅಂಗಡಿಗೆ ಬಂದವು! ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಕೋಟನ್ನು ಕುರ್ಚಿಗೆ ತೂಗುಹಾಕಿ ಕಾಫಿಗೆ ಹೋಗುತ್ತಿದ್ದ ಹಳೆಯ ಗುಮಾಸ್ತನ ವಿದ್ಯೆಯೇ ಇದು. ವೇಷ ಮಾತ್ರ ಬೇರೆ.

ಹಾಗೆಂದು ಲೆಕ್ಕವೇ ಬೇಡವೆಂದು ನಾನು ಹೇಳುತ್ತಿಲ್ಲ. ೨೦೨೨ರಲ್ಲಿ ಬೆಂಗಳೂರಿನ ಒಂದು ದೊಡ್ಡ ಕಂಪನಿ, ಅದೇ ಕಾಲದಲ್ಲಿ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು ೩೦೦ ಜನರನ್ನು ತೆಗೆದುಹಾಕಿದ ಸಂಗತಿ ನಿಮಗೆ ನೆನಪಿರಬಹುದು. ನಂಬಿಕೆ ಕುರುಡಾಗಬಾರದು. ಆದರೆ ಲೆಕ್ಕ ಕೇಳಬೇಕಾದದ್ದು ಗಂಟೆಗಲ್ಲ, ಫಲಕ್ಕೆ. ವಾರದ ಮೊದಲ ದಿನ ಯಾರು ಏನನ್ನು ಯಾವಾಗ ಮುಗಿಸಬೇಕೆಂದು ಇಬ್ಬರೂ ಕೂಡಿ ನಿಶ್ಚಯಿಸಬೇಕು. "ಮುಗಿಯಿತು" ಎಂದರೆ ಏನೆಂದು ಇಬ್ಬರಿಗೂ ಒಂದೇ ಅರ್ಥವಿರಬೇಕು. ವಾರದ ಕೊನೆಗೆ ಅದನ್ನೇ ನೋಡಬೇಕು. ಇಷ್ಟನ್ನು ಹೇಳಲಾರದ ಮುಖಂಡನಿಗೆ ಕಚೇರಿಯಲ್ಲಿಯೂ ಕೆಲಸ ನಡೆಯುತ್ತಿರಲಿಲ್ಲ. ಜನರು ಎದುರಿಗೆ ಕೂತಿದ್ದುದರಿಂದ ಅದು ಕಾಣುತ್ತಿರಲಿಲ್ಲ, ಅಷ್ಟೆ.

ಎರಡನೆಯದು ಬರವಣಿಗೆ. ನಮ್ಮ ಅಜ್ಜಂದಿರು ಊರಿಗೆ ಕಾಗದ ಬರೆಯುತ್ತಿದ್ದ ಕ್ರಮವನ್ನು ನೆನಪು ಮಾಡಿಕೊಳ್ಳಿ. ಮೇಲೆ ಸ್ಥಳ, ತಾರೀಕು. ಯಾರು ಯಾರಿಗೆ ಬರೆಯುತ್ತಿದ್ದಾರೆ ಎಂಬ ವಂದನೆ. "ಉಭಯ ಕುಶಲೋಪರಿ ಸಾಂಪ್ರತ" ಎಂದು ಕ್ಷೇಮದ ಒಂದು ಮಾತು. ಆಮೇಲೆ ವಿಷಯ: ಗದ್ದೆಯ ಗೇಣಿ ಎಷ್ಟು ಬಂತು, ಮನೆಯ ಹೆಂಚು ಹೊದಿಸಿದ್ದಾಯಿತೇ, ತಂಗಿಯ ಸಂಬಂಧ ಎಲ್ಲಿಗೆ ಬಂತು. ಕೊನೆಗೆ, "ಈ ಕಾಗದ ತಲಪಿದ ಕೂಡಲೆ ಉತ್ತರ ಬರೆಯುವುದು." ಹದಿನೈದು ದಿನಕ್ಕೊಮ್ಮೆ ಬರುವ ಆ ಒಂದು ಕಾಗದದಲ್ಲಿ ಮುಂಬಯಿಯಲ್ಲಿ ಇದ್ದವರು ಊರಿನ ಸಂಸಾರವನ್ನು ನಡೆಸಿದರು. ಇಂದಿನ ನಮ್ಮ ಸಂದೇಶಗಳನ್ನು ನೋಡಿ. "ಹಲೋ" ಎಂದು ಒಂದು ಸಂದೇಶ, ಹತ್ತು ನಿಮಿಷ ಬಿಟ್ಟು "ಇದ್ದೀರಾ?" ಎಂದು ಇನ್ನೊಂದು, ಆಮೇಲೆ "ಒಂದು ಕಾಲ್ ಮಾಡಲೇ?" ಎಂದು ಮತ್ತೊಂದು. ವಿಷಯವೇ ಇಲ್ಲ. ಏನು ಬೇಕು, ಏತಕ್ಕೆ ಬೇಕು, ಎಂದಿನೊಳಗೆ ಬೇಕು ಎಂಬ ಮೂರನ್ನೂ ಒಂದೇ ಸಂದೇಶದಲ್ಲಿ ಬರೆದರೆ ಓದಿದವರು ತಮ್ಮ ಬಿಡುವಿನಲ್ಲಿ ಉತ್ತರ ಕೊಡುತ್ತಾರೆ. ಕೈಯಲ್ಲಿದ್ದ ಕೆಲಸವೂ ಕೆಡುವುದಿಲ್ಲ.

ತೀರ್ಮಾನಗಳನ್ನಂತೂ ಬರೆದೇ ಇಡಬೇಕು. ಕಚೇರಿಯಿಲ್ಲದೆ ಹಲವು ದೇಶಗಳ ನೌಕರರಿಂದ ನಡೆಯುವ ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿ ತನ್ನ ಕೆಲಸದ ರೀತಿನೀತಿಗಳನ್ನೆಲ್ಲ ಒಂದು ಕೈಪಿಡಿಯಲ್ಲಿ ಬರೆದು ಲೋಕಕ್ಕೆಲ್ಲ ತೆರೆದಿಟ್ಟಿದೆ; ಅದು ಎರಡು ಸಾವಿರ ಪುಟಗಳನ್ನು ಮೀರಿ ಬೆಳೆದಿದೆ. ನಿಮ್ಮ ತಂಡಕ್ಕೆ ಅಷ್ಟೆಲ್ಲ ಬೇಕಾಗಲಾರದು. ಹತ್ತು ಪುಟ ಸಾಕು. ಯಾವ ತೀರ್ಮಾನ, ಯಾರು ಮಾಡಿದರು, ಕಾರಣವೇನು ಎಂಬುದು ಒಂದು ಕಡೆ ಇದ್ದರೆ ನಾಳೆ ಬರುವ ಹೊಸಬನು ಹತ್ತು ಜನರನ್ನು ಪೀಡಿಸಬೇಕಾಗುವುದಿಲ್ಲ.

ಮೂರನೆಯದು ಮೀಟಿಂಗು. ಭಾರತದ ಒಂದು ದೊಡ್ಡ ಐ.ಟಿ. ಕಂಪನಿಯ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ದಾಖಲೆಗಳನ್ನು ಮೂವರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಮನೆಯಿಂದ ಕೆಲಸ ಮೊದಲಾದ ಮೇಲೆ ದುಡಿಯುವ ಗಂಟೆಗಳು ಹೆಚ್ಚಿದವು. ಆದರೆ ಫಲ ಹೆಚ್ಚಲಿಲ್ಲ. ಹೆಚ್ಚಿದ ಹೊತ್ತಿನಲ್ಲಿ ಬಹುಪಾಲನ್ನು ಹೊಂದಾಣಿಕೆಯ ಸಭೆಗಳು ನುಂಗಿದವು. ಯಾರ ಅಡ್ಡಿಯೂ ಇಲ್ಲದೆ ಕುಳಿತು ಕೆಲಸ ಮಾಡುವ ವೇಳೆ ಕುಗ್ಗಿತು. ನೌಕರರಿಗೆ ಮುಖಂಡರೊಡನೆ ಒಬ್ಬೊಬ್ಬರಾಗಿ ಮಾತನಾಡುವ ಅವಕಾಶವೂ ಕಡಮೆಯಾಯಿತು. ಇದರಲ್ಲಿ ಸೂಕ್ಷ್ಮವಿದೆ. ಮುಖಂಡನು ತನ್ನ ಚಿಂತೆಯನ್ನು ಪರಿಹರಿಸಿಕೊಳ್ಳಲು ಇಪ್ಪತ್ತು ಜನರನ್ನು ಕರೆದು ಒಬ್ಬೊಬ್ಬರಿಂದ ವರದಿ ಕೇಳುತ್ತಾನೆ. ಹತ್ತೊಂಬತ್ತು ಜನ ಸುಮ್ಮನೆ ಕೂತಿರುತ್ತಾರೆ. ವರದಿಯನ್ನು ಬರೆದು ಕಳುಹಿಸಲಿ. ಸಭೆ ಸೇರುವುದು ಚರ್ಚೆಗೆ, ತೀರ್ಮಾನಕ್ಕೆ ಇರಲಿ. ಉಳಿದ ವೇಳೆಯಲ್ಲಿ ವಾರಕ್ಕೆ ಒಂದು ಸಲ ಒಬ್ಬೊಬ್ಬರೊಡನೆ ಇಪ್ಪತ್ತು ಮೂವತ್ತು ನಿಮಿಷ ಮಾತನಾಡಲಿ. ಅಲ್ಲಿ ಮೊದಲ ಪ್ರಶ್ನೆ ಕೆಲಸದ್ದಾಗಬೇಕಾಗಿಲ್ಲ.

ನಾಲ್ಕನೆಯದು, ಬಹಳ ಮುಖ್ಯವಾದದ್ದು: ಹೊಸಬರು. ಅಮೆರಿಕದ ಎಂ.ಐ.ಟಿ.ಯ ಥಾಮಸ್ ಆಲನ್ ಎಂಬವರು ೧೯೭೭ರ ತಮ್ಮ ಪುಸ್ತಕದಲ್ಲಿ ತೋರಿಸಿದ ಒಂದು ಸಂಗತಿ ಪ್ರಸಿದ್ಧವಾಗಿದೆ. ಇಬ್ಬರು ಎಂಜಿನಿಯರರ ಮೇಜುಗಳ ನಡುವಣ ದೂರ ಹೆಚ್ಚಿದಂತೆ ಅವರ ನಡುವಣ ಮಾತು ಇಳಿಯುತ್ತದೆ. ಸುಮಾರು ೫೦ ಮೀಟರ್ ದಾಟಿದ ಮೇಲೆ ತೀರ ಅಪರೂಪವಾಗುತ್ತದೆ. ಐವತ್ತು ಮೀಟರಿಗೇ ಹೀಗಾದರೆ ಐನೂರು ಕಿಲೋಮೀಟರಿಗೆ ಹೇಗೆ? ಮೈಕ್ರೋಸಾಫ್ಟಿನ ೬೧,೧೮೨ ನೌಕರರ ಪತ್ರವ್ಯವಹಾರದ ಜಾಡನ್ನು ೨೦೨೦ರ ಮೊದಲ ಆರು ತಿಂಗಳಿನಲ್ಲಿ ನೋಡಿದಾಗ ಇದೇ ಕಂಡಿತು. ಜನರು ತಮ್ಮ ತಮ್ಮ ಗುಂಪಿನೊಳಗೆ ಇನ್ನಷ್ಟು ಬಿಗಿಯಾದರು. ಒಂದು ಗುಂಪಿನಿಂದ ಇನ್ನೊಂದಕ್ಕಿದ್ದ ಸೇತುವೆಗಳು ಕಡಮೆಯಾದವು. ಹಳಬರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಅವರು ಹಿಂದೆ ಸಂಪಾದಿಸಿದ ಪರಿಚಯದ ಮೇಲೆ ಬದುಕುತ್ತಾರೆ. ಕಾಲೇಜು ಮುಗಿಸಿ ನೇರವಾಗಿ ಕೋಣೆಯೊಳಗಿನ ಕಂಪ್ಯೂಟರಿನ ಮುಂದೆ ಕೂತ ಹುಡುಗನಿಗೆ ಆ ಮೂಲಧನವೇ ಇಲ್ಲ.

ನಮ್ಮ ಹೋಟೆಲುಗಳಲ್ಲಿ ಹುಡುಗರು ದೋಸೆ ಹುಯ್ಯುವುದನ್ನು ಪುಸ್ತಕ ಓದಿ ಕಲಿತದ್ದಲ್ಲ; ಭಟ್ಟರ ಪಕ್ಕದಲ್ಲಿ ನಿಂತು ಕಲಿತದ್ದು. ಕಸುಬೆಲ್ಲ ಹೀಗೆಯೇ. ಆದುದರಿಂದ ಹೊಸಬರನ್ನು ಮೊದಲ ಕೆಲವು ತಿಂಗಳಾದರೂ ಪಳಗಿದವರ ಹತ್ತಿರ ಕೂರಿಸಬೇಕು. ಅದು ಸಾಧ್ಯವೇ ಇಲ್ಲವಾದರೆ ಒಬ್ಬೊಬ್ಬ ಹೊಸಬನನ್ನು ಒಬ್ಬೊಬ್ಬ ಹಳಬನಿಗೆ ಹೆಸರು ಹಿಡಿದು ಒಪ್ಪಿಸಬೇಕು. ಇಬ್ಬರೂ ದಿನಕ್ಕೆ ಒಂದು ಗಂಟೆ ಒಂದೇ ಪರದೆಯನ್ನು ನೋಡುತ್ತ ಕೂಡಿ ಕೆಲಸ ಮಾಡಬೇಕು. ಇದರಿಂದ ಹಳಬನ ಸ್ವಂತ ಕೆಲಸ ಕುಂಠಿತವಾಗುತ್ತದೆ. ಅದನ್ನು ನಷ್ಟವೆಂದು ಎಣಿಸದೆ, ಹೇಳಿಕೊಟ್ಟದ್ದನ್ನೂ ಅವನ ಕೆಲಸದ ಲೆಕ್ಕಕ್ಕೆ ಹಿಡಿಯುವುದು ಮುಖಂಡನ ಧರ್ಮ.

ಐದನೆಯದು ಪಂಕ್ತಿಭೇದ. ತಂಡದಲ್ಲಿ ಕೆಲವರು ಕಚೇರಿಯಲ್ಲಿ, ಕೆಲವರು ದೂರದಲ್ಲಿ ಇದ್ದಾಗ ಎದುರಿಗಿದ್ದವನ ಎಲೆಗೆ ಮೊದಲು ಬಡಿಸುವುದು ಮನುಷ್ಯ ಸ್ವಭಾವ. ಶಾಂಘೈನಲ್ಲಿ ಹೆಚ್ಚು ದುಡಿದವರಿಗೆ ಬಡ್ತಿ ತಪ್ಪಿದ್ದು ಹೀಗೆಯೇ ಇರಬೇಕು. ಬಡ್ತಿಯ ಪಟ್ಟಿಯನ್ನು ಮಾಡುವಾಗ ಮುಖಂಡನು ದೂರದವರ ಹೆಸರುಗಳನ್ನು ಬೇರೆಯಾಗಿ ಬರೆದುಕೊಂಡು, ಅವರ ಫಲಕ್ಕೂ ತಾನು ಕೊಟ್ಟ ಸ್ಥಾನಕ್ಕೂ ತಾಳೆಯಿದೆಯೇ ಎಂದು ನೋಡಬೇಕು. ಒಬ್ಬನು ದೂರದಿಂದ ಸಭೆಗೆ ಸೇರುವುದಾದರೆ, ಕಚೇರಿಯಲ್ಲಿರುವವರು ಮೀಟಿಂಗು ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಮಾಡುವ ತೀರ್ಮಾನಗಳು ಅವನಿಗೂ ತಿಳಿಯಬೇಕು.

ಆರನೆಯದು ಮನೆ. ಕಂಪನಿಗೆ ಬಾಡಿಗೆ, ವಿದ್ಯುತ್ತು, ಬಸ್ಸು ಎಲ್ಲ ಉಳಿಯುತ್ತವೆ. ಆ ಉಳಿತಾಯದಲ್ಲಿ ಒಂದು ಪಾಲು ಒಳ್ಳೆಯ ಕುರ್ಚಿಗೆ, ಇಂಟರ್ನೆಟ್ಟಿಗೆ, ಕರೆಂಟು ಹೋದಾಗ ಬೇಕಾಗುವ ಯು.ಪಿ.ಎಸ್.ಗೆ ಸಲ್ಲುವುದು ನ್ಯಾಯ. ಚೆನ್ನೈನ ಪರೀಕ್ಷೆ ತೋರಿಸಿದಂತೆ, ಮನೆಯಲ್ಲಿ ಇಕ್ಕಟ್ಟು ಇರುವವರಿಗೆ ಹತ್ತಿರದಲ್ಲೊಂದು ಕಿರುಕಚೇರಿಯನ್ನು ಒದಗಿಸಬೇಕು. ನಿಲ್ಸ್ ಅವರು ೧೯೭೩ರಲ್ಲಿ ಮಾಡಿದ್ದೂ ಅದನ್ನೇ. ಕೆಲಸಕ್ಕೆ ಮೊದಲೂ ಕೊನೆಯೂ ಇರಬೇಕು. ದೊಡ್ಡ ಕಂಪನಿಗಳಲ್ಲಿ ಕೆಲಸದ ವೇಳೆಯ ಆಚೆ ಕರೆಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ ದೇಶ ೨೦೧೭ರಿಂದ ಕಾನೂನಿಗೆ ತಂದಿದೆ. ಆಸ್ಟ್ರೇಲಿಯವೂ ೨೦೨೪ರಲ್ಲಿ ತಂದಿತು. ನಮ್ಮ ಮುಖಂಡರು ಕಾನೂನಿಗೆ ಕಾಯಬೇಕಾಗಿಲ್ಲ. ರಾತ್ರಿ ಹತ್ತು ಗಂಟೆಗೆ ತಮಗೆ ಹೊಳೆದದ್ದನ್ನು ಬರೆದಿಟ್ಟುಕೊಂಡು ಬೆಳಗ್ಗೆ ಕಳುಹಿಸಿದರೆ ಯಾವ ಕಂಪನಿಯೂ ಮುಳುಗುವುದಿಲ್ಲ.

ಮನೆಯವರಿಗೂ ಒಂದು ಮಾತು. ಮಗ ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರೆ "ಪಾಪ, ಆಫೀಸಿನ ಕೆಲಸ" ಎಂದು ಬಾಗಿಲು ಮುಚ್ಚುತ್ತೇವೆ; ಸೊಸೆ ಕೂತಿದ್ದರೆ "ಮನೆಯಲ್ಲೇ ಇದ್ದಾಳಲ್ಲ" ಎಂದು ಹಾಲು ಕಾಯಿಸಲು ಕರೆಯುತ್ತೇವೆ. ಈ ಭೇದವನ್ನು ಯಾವ ಕಂಪನಿಯ ಮುಖಂಡನೂ ತಿದ್ದಲಾರ. ನಾವೇ ತಿದ್ದಿಕೊಳ್ಳಬೇಕು.

ಇನ್ನು ಕಂಪನಿಗಳನ್ನು ಆಳುವವರಿಗೆ ಒಂದೆರಡು ಮಾತು. ನಿಯಮ ಯಾವುದಾದರೂ ಇರಲಿ, ಅದು ನಿಶ್ಚಿತವಾಗಿರಲಿ. ಈ ತಿಂಗಳು ಮನೆ, ಮುಂದಿನ ತಿಂಗಳು ಕಚೇರಿ ಎಂದರೆ ಊರಿಗೆ ಹೋದವನು ಮನೆ ಮಾಡಬೇಕೋ ಬೇಡವೋ, ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕೋ ತಿಳಿಯದೆ ಒದ್ದಾಡುತ್ತಾನೆ. ಅದನ್ನು ಬೇಕಾದವರಿಗೆ ಕೊಡುವ ಉಪಕಾರವನ್ನಾಗಿಯೂ ಮಾಡಬಾರದು. ಕೆಲಸದ ಸ್ವರೂಪವನ್ನು ನೋಡಿ, ಎಲ್ಲರಿಗೂ ತಿಳಿಯುವಂತೆ ಬರೆದ ನಿಯಮವಾಗಬೇಕು. ವರ್ಷಕ್ಕೆ ಎರಡು ಮೂರು ಸಲ ಕಂಪನಿಯ ಖರ್ಚಿನಲ್ಲಿಯೇ ತಂಡದವರೆಲ್ಲ ಒಂದು ಕಡೆ ಸೇರಿ, ಕೂಡಿ ಉಂಡು, ಕೂಡಿ ಯೋಚಿಸಬೇಕು. ಒಮ್ಮೆ ಮುಖ ನೋಡಿ ಮಾತನಾಡಿದವರ ನಡುವೆ ಕಾಗದದ ಮಾತು ಅಪಾರ್ಥವಾಗುವುದು ಕಡಮೆ.

ಬಾಂಧವರೇ, ಈ ಸೌಕರ್ಯ ಎಲ್ಲರ ಪಾಲಿಗೂ ಬಂದದ್ದಲ್ಲ ಎಂಬುದನ್ನೂ ಮರೆಯ ಕೂಡದು. ನಮ್ಮ ಸಂಘದ ಸದಸ್ಯರಲ್ಲಿಯೇ ಹೋಟೆಲಿನವರಿದ್ದಾರೆ, ದಾದಿಯರಿದ್ದಾರೆ, ವಾಹನ ನಡೆಸುವವರಿದ್ದಾರೆ. ಅವರ ಕೆಲಸ ತಂತಿಯ ಮೇಲೆ ಹೋಗುವಂಥದಲ್ಲ. ಅವರು ೨೦೨೦ರಲ್ಲಿಯೂ ಮನೆಯೊಳಗೆ ಇರಲಾರದೆ ಹೋದರು, ಇಲ್ಲವೇ ದುಡಿಮೆಯನ್ನೇ ಕಳೆದುಕೊಂಡರು. ಮನೆಯಲ್ಲಿ ಕೂತು ದುಡಿಯುವ ಭಾಗ್ಯ ಪಡೆದವರು ಅದನ್ನು ಹಕ್ಕೆಂದು ಮಾತ್ರ ತಿಳಿಯದೆ, ಹೊಣೆಯೆಂದೂ ತಿಳಿದು ನಡೆದರೆ ಆ ಪದ್ಧತಿ ಉಳಿದೀತು. ಒಬ್ಬನು ಮೋಸ ಮಾಡಿದರೆ ಹತ್ತು ಜನರ ಅನುಮತಿ ಹೋಗುತ್ತದೆ; ಆ ಹತ್ತು ಜನರಲ್ಲಿ ಹಾಸಿಗೆ ಹಿಡಿದ ತಾಯಿಯ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿರುವ ಮಗಳೊಬ್ಬಳು ಇರಬಹುದು.

ಇಲ್ಲಿರುವ ಮುಖಂಡರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ತಂಡದವರೊಬ್ಬರು "ಮೂರು ತಿಂಗಳು ಊರಿನಿಂದ ಕೆಲಸ ಮಾಡಲೇ?" ಎಂದು ಕೇಳಿದಾಗ ಕೂಡಲೆ ಆಗದು ಎನ್ನಬೇಡಿ, ಕೂಡಲೆ ಆಗಲಿ ಎಂದೂ ಹೇಳಬೇಡಿ. ಯಾವ ಕೆಲಸ, ಯಾವ ಫಲ, ಯಾವ ವೇಳೆ, ಯಾವ ಕೋಣೆ ಎಂದು ಅವರೊಡನೆ ಕೂತು ಬರೆದುಕೊಳ್ಳಿ. ಒಂದು ತಿಂಗಳು ನಡೆಸಿ ನೋಡಿ. ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆಯಾದರೆ ಮುಂದುವರಿಸಿ, ಆಗದಿದ್ದರೆ ತಿದ್ದಿ. ಊರು ಬಿಟ್ಟು ಬಂದವರ ಮಕ್ಕಳಾದ ನಮಗೆ, ಊರಿನಲ್ಲಿ ಕೆಲವು ದಿನ ಇರಬೇಕೆಂಬ ಆ ಬೇಡಿಕೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.